ಮುತ್ಯಾನ ಆರು ಡಬ್ಬಿ

ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರಿ ಮೂರೇ ತಿಂಗಳಾಗಿತ್ತು. ಆದರೂ ಯಾದಗಿರಿಯಲ್ಲಿ ಬಸ್ ಹತ್ತುವಾಗ ನಾನು ಬಿಳಿ ಕೋಟು ಬಿಚ್ಚುತ್ತಿರಲಿಲ್ಲ. ಸೀಟು ಸಿಗುತ್ತಿತ್ತು. ಒಮ್ಮೆ ಪಕ್ಕದ ಅಜ್ಜ ಕೈ ಚಾಚಿದರೆ ನಾಡಿ ಹಿಡಿದು, ಕಣ್ಣು ಮುಚ್ಚಿ, "ಉಪ್ಪು ಕಡಿಮಿ ಮಾಡ್ರಿ" ಅಂದೆ. ಪಾಪ, ಶಹಾಪುರದ ತನಕ ಶೇಂಗಾ ತಿನ್ನಿಸಿದ.

ಕಾಲುವೆ ನೀರು ಬಂದು ಎಲ್ಲರೂ ಭತ್ತ ಹಚ್ಚತೊಡಗಿದ ಕಾಲ ಅದು. ಬರಿಗಾಲಲ್ಲಿ ಕೆಸರಿಗಿಳಿಯುವವರ ಹೊಟ್ಟೆಯಲ್ಲಿ ರಕ್ತ ಹೀರುವ ಕೊಕ್ಕೆಹುಳು ಎಷ್ಟಿದೆ ಎಂದು ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಅಧ್ಯಯನ ನಡೆಸಿದ್ದರು. ದೋರನಹಳ್ಳಿಯಲ್ಲಿ ಖಾಲಿ ಡಬ್ಬಿ ಹಂಚಿ, ಮರುದಿನ ಮಲ ತುಂಬಿದ ಡಬ್ಬಿ ಹೊತ್ತು ತರುವುದು ವಿಜ್ಞಾನಕ್ಕೆ ನನ್ನ ಕೊಡುಗೆ.

ಒಂದು ಮನೆಗೆ ಆರು ಡಬ್ಬಿ ಕೊಟ್ಟಿದ್ದೆ. ಹುಮ್ಮಸ್ಸಿನಲ್ಲಿ ತೊಟ್ಟಿಲ ಕೂಸಿಗೂ ಒಂದು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆರರಲ್ಲೂ ಹುಳುವಿನ ಮೊಟ್ಟೆ! ಇಡೀ ಲ್ಯಾಬಿಗೆ ಕೇಳುವಂತೆ ಸಾರಿಬಿಟ್ಟೆ. ಡಾಕ್ಟರಮ್ಮ ಬಂದು ಕೂಸಿನ ಡಬ್ಬಿ ತಿರುಗಿಸಿ ನೋಡಿದರು.

"ಇದರಾಗ ಮೆಣಸಿನಕಾಯಿ ಬೀಜ ಅದಾವಲ್ಲವಾ. ಕೂಸು ಖಾರ ತಿಂತೈತೇನು?"

ಡಬ್ಬಿ ಮೇಲಿನ ಚೀಟಿಯನ್ನು ನಾನು ಮತ್ತೊಮ್ಮೆ ಓದಿದೆ. ಕೂಸಿನದೇ.

"ನಾಳಿ ಆ ಮನಿ ಸೊಸಿ ಡಬ್ಬಿ ಸೊಸೀದ ಆಗಿರಬೇಕು. ಮೊನ್ನಿ ರಕ್ತ ಪರೀಕ್ಷಾದಾಗ ಆಕೀಗೆ ರಕ್ತ ಭಾಳ ಕಡಿಮಿ ಬಂದೈತಿ, ಯಾಕಂತ ತಿಳೀಬೇಕು. ಇಲ್ಲಂದ್ರ ನೀ ಬಾಟ್ಲಿ ತೊಳ್ಯಾಕ ಕೂಡು."

ಸಂಜೆಯೇ ಆ ಮನೆಗೆ ಓಡಿದೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಸೊಸೆಯ ಅತ್ತೆ, ಮನೆಯ ಆಯಿ, ಮುಚ್ಚುಮರೆಯಿಲ್ಲದೆ ಹೇಳಿದಳು:

"ಮಾವನ ಮುಂದ ಸೊಸಿ ಡಬ್ಬಿ ಹಿಡ್ಕೊಂಡು ಹೋಗ್ತಾಳೇನ? ಮುದುಕಂದು ಬೇಕಾದಷ್ಟಿತ್ತು, ಆರಕ್ಕೂ ಸರಿಯಾಗಿ ಹಂಚೀನಿ. ಒಂದ ಒಲಿ ಅಡಗಿ ಉಂಡವ್ರು, ಬ್ಯಾರೆ ಬ್ಯಾರೆ ಇರತೈತೇನ ತಂಗಿ?"

ಹೊರಸಿನ ಮೇಲೆ ಮಲಗಿದ್ದ ಅವಳ ಗಂಡ, ಮುತ್ಯಾ, ಧಾರಾಳವಾಗಿ ಕೂಗಿದ: "ಕಡಿಮಿ ಬಿದ್ರ ನಾಳಿ ಮತ್ತ ಬಾರವಾ!"

ಸೊಸೆ ಬಾಗಿಲ ಹಿಂದೆ ಸೆರಗು ಕಚ್ಚಿ ನಗುತ್ತಿದ್ದಳು. ಕಣ್ಣ ರೆಪ್ಪೆ ಇಳಿಸಿ ನೋಡಿದೆ: ಒಳಗು ಸುಣ್ಣದಷ್ಟು ಬಿಳಿ. ಒಂದು ಕೊಡ ನೀರು ತರಲು ಎರಡು ಕಡೆ ಕೂತು ದಮ್ಮು ತಗೊಳ್ಳುತ್ತಿದ್ದಳಂತೆ. ನನ್ನ ಜಂಬ ಆಗ ಸ್ವಲ್ಪ ಇಳಿಯಿತು.

"ಅಕ್ಕಾ, ಚರಿಗಿಯೊಳಗ ಡಬ್ಬಿ ಮುಚ್ಚಿಟ್ಕೊಂಡ್ರ ಯಾರಿಗ್ ಕಾಣತೈತಿ?" ಎಂದು ಪಿಸುಗುಟ್ಟಿದೆ.

ಅಂದು ಅಲ್ಲೇ ಉಳಿದೆ. ಬೆಳಗ್ಗೆ ನಾವಿಬ್ಬರೂ ನೀರಿನ ಚರಿಗಿ ಹಿಡಿದು ಬಯಲಕಡೆಗೆ ಹೊರಟೆವು. ನನ್ನ ಚರಿಗಿಯಲ್ಲಿ ನೀರಿತ್ತು, ಅವಳದರಲ್ಲಿ ಡಬ್ಬಿ. ಮಾವನ ಮುಂದೆ ಹಾಯುವಾಗ ನಾನು ರಾಣಿಯ ಅಂಗರಕ್ಷಕಿಯಂತೆ ಅಡ್ಡ ನಡೆದೆ. ಜಾಲಿ ಕಂಟಿಯ ಹಿಂದಿನಿಂದ ಬಂದ ಅವಳು ಡಬ್ಬಿ ಕೊಟ್ಟು, "ಇದು ಖರೇ ನಂದ ನೋಡವಾ" ಎಂದಳು.

ಮುತ್ಯಾನದಕ್ಕಿಂತ ಅವಳ ಡಬ್ಬಿಯಲ್ಲಿ ಮೊಟ್ಟೆ ಎಷ್ಟೋ ಪಟ್ಟು ಹೆಚ್ಚಿದ್ದವು. ಡಾಕ್ಟರಮ್ಮ ಬಾಟ್ಲಿಯ ಮಾತೆತ್ತದೆ ಹುಳುವಿನ ಮಾತ್ರೆ, ರಕ್ತದ ಮಾತ್ರೆ ಬರೆದು, ತಲುಪಿಸಲು ನನ್ನನ್ನೇ ಕಳಿಸಿದರು.

ಆಯಿ ಕೈ ಚಾಚಿದಳು. ನಾನು ಕೊಡಲಿಲ್ಲ. ಸೊಸೆಯನ್ನು ಕರೆದು, ಮೊದಲ ಮಾತ್ರೆ ನನ್ನೆದುರೇ ನುಂಗಿಸಿ, ಉಳಿದದ್ದನ್ನು ಅವಳ ಸೆರಗಿಗೆ ಗಂಟು ಹಾಕಿದೆ. ಆಯಿ ಅದನ್ನೂ ಆರು ಪಾಲು ಮಾಡುವವಳೇ.