ಕೊರಟಗೆರೆಯ ಮೂರನೇ ಏಟು

ಮಂಜುಳಮ್ಮ, ಅವತ್ತು ಕೊರಟಗೆರೆಯ ಪೆಂಡಾಲಿನಲ್ಲಿ ‘ಒನ್ಸ್ ಮೋರ್’ ಎಂದು ಮೊದಲು ಕೂಗಿದವರು ನಾಟಕ ನೋಡಲು ಬಂದ ಜನರಲ್ಲ. ನನ್ನ ಭಾವಮೈದ ಮತ್ತು ಅವನ ಗೆಳೆಯರು. ಮುಂದಿನ ಸಾಲಿನಲ್ಲಿ ಅವರನ್ನು ಕೂರಿಸಿದ್ದು ನಾನೇ. ಮೂರನೇ ಸಲ ನಿಮ್ಮ ಕೆನ್ನೆಗೆ ಬಿದ್ದದ್ದು ಕೈತಪ್ಪಿದ ಏಟಲ್ಲ — ಗೊತ್ತಿದ್ದೇ ಹೊಡೆದೆ. ನೀವು ಮುಖ ತಿರುಗಿಸುವುದು ತಡವಾಯಿತು ಎಂದು ಊರೂರಲ್ಲಿ ಹೇಳಿಕೊಂಡು ಬಂದೆನಲ್ಲ, ಅದು ಹಸಿ ಸುಳ್ಳು.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ಆ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರಂತೆ. ಇಷ್ಟು ವರ್ಷಗಳ ಮೇಲೆ ಅದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮಧುಗಿರಿಯ ನನ್ನ ಹಾರ್ಡ್‌ವೇರ್ ಅಂಗಡಿಗೆ ಮೊಳೆ, ತಂತಿ ಕೊಳ್ಳಲು ಬಂದವರೆಲ್ಲ ನನ್ನ ಮುಖಕ್ಕೇ ಹಿಡಿದು ತೋರಿಸುತ್ತಾರೆ. “ಅಣ್ಣೋ, ಸಿನಿಮಾದಾಗೂ ಇಂಗೆ ಬಿದ್ದಿಲ್ಲ ಬುಡು ಏಟು” ಎಂದು ಹಲ್ಲು ಕಿರಿಯುತ್ತಾರೆ. ಆ ಹಲ್ಲು ಉದುರಿಸಬೇಕು ಅನ್ನಿಸುತ್ತದೆ. ಆದರೆ ಉದುರಿಸಲು ನನಗೇನು ಹಕ್ಕಿದೆ? ಅವರು ನಗುತ್ತಿರುವುದು ನಾನು ಬಡಿಸಿದ್ದನ್ನೇ ಉಂಡು.

ನಮ್ಮ ನಾಟಕ ಯಾವ ಸಿನಿಮಾದ್ದೋ, ಆ ಸಿನಿಮಾ ನೋಡದವರು ನಮ್ಮ ಕಡೆ ಯಾರಿದ್ದಾರೆ? ಹಬ್ಬ ಬಂದರೆ ಟಿವಿಯಲ್ಲಿ ಅದೇ. ಅದನ್ನು ನಾಟಕ ಮಾಡೋಣ ಎಂದು ಹೊರಟವನು ನಾನು, ಗಂಡನ ಪಾತ್ರ ನನ್ನದು. ಹೆಂಡತಿಯ ಪಾತ್ರಕ್ಕೆ ವೈ.ಎನ್.ಹೊಸಕೋಟೆಯಿಂದ ನಿಮ್ಮನ್ನು ಕರೆಸಿದೆವು. ಮೊದಲ ಪ್ರದರ್ಶನ ಮಧುಗಿರಿಯಲ್ಲಿ. ತವರಿನ ಬಾಗಿಲಲ್ಲಿ ನಿಂತು ನೀವು ಹಾಡಿದಿರಿ — ಜನ ಎದ್ದು ನಿಂತು ಒನ್ಸ್ ಮೋರ್ ಕೂಗಿದರು. ಮತ್ತೆ ಹಾಡಿದಿರಿ. ಮತ್ತೆ ಕೂಗಿದರು. ನನ್ನ ಊರು, ನನ್ನ ಜನ, ಖರ್ಚೂ ನನ್ನದು — ನನಗೆ ಒಂದು ಶಿಳ್ಳೆಯೂ ಬರಲಿಲ್ಲ. ಹೊಟ್ಟೆ ಉರಿದುಹೋಯಿತು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ… ಇಲ್ಲ, ಇದೇ, ಇಷ್ಟೇ.

ಒನ್ಸ್ ಮೋರ್ ಬಂದರೆ ನಮ್ಮ ಕಡೆ ಮಾತಿಲ್ಲ, ಆ ದೃಶ್ಯ ಮತ್ತೆ ಆಡಲೇಬೇಕು. ಆಗಲ್ಲ ಎಂದವರಿಗೆ ಕೊಬ್ಬು ಎನ್ನುತ್ತಾರೆ. ಸಿನಿಮಾದಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದಾಗ ಟಾಕೀಸೇ ಕುಣಿದಿದ್ದು ನನಗೆ ನೆನಪಿತ್ತು. ಕೊರಟಗೆರೆಯ ಆಟಕ್ಕೆ ಮುಂಚೆ ಭಾವಮೈದನಿಗೆ ಹೇಳಿದೆ: “ನಾನು ಹೊಡೀತಿದ್ದಂಗೆ ಶುರು ಹಚ್ಕಳ್ರಿ. ನಿಲ್ಲಿಸ್ಬೇಡ್ರಿ.”

ಪ್ರಾಕ್ಟೀಸಿನಲ್ಲಿ ನಮ್ಮ ಲೆಕ್ಕ ಸರಿಯಾಗಿತ್ತು. ನನ್ನ ಕೈ ನಿಮ್ಮ ಕೆನ್ನೆಯ ಮುಂದೆ ಹಾದುಹೋಗಬೇಕು, ತಬಲಾದವನು ಠಪ್ ಎನ್ನಿಸಬೇಕು, ನೀವು ಮುಖ ತಿರುಗಿಸಬೇಕು. ಮೊದಲ ಸಲ ಹಾಗೇ ಆಯಿತು. ನಮ್ಮವರು ಕೂಗಿದರು, ಅವರ ಹಿಂದೆ ಇಡೀ ಪೆಂಡಾಲು ಕೂಗಿತು. ಎರಡನೇ ಸಲವೂ ಹಾಗೇ ಆಯಿತು. ಆಗ ಹಿಂದಿನಿಂದ ಒಬ್ಬ, “ಲೇ, ತಬಲಕ್ಕೆ ಹೊಡೀತಾನೆ ಕಣ್ರಲಾ, ಅವ್ಳಿಗಲ್ಲ” ಎಂದ. ಎಲ್ಲರೂ ನಕ್ಕರು. ಆ ನಗು ನನ್ನ ಮೇಲೆ, ಮಂಜುಳಮ್ಮ. ನಾನು ಕೈ ಎತ್ತಿದೆ. ನಿಮ್ಮ ಕಣ್ಣು ನನ್ನ ಕೈ ಮೇಲೇ ಇತ್ತು, ನೀವು ಸರಿಯಾದ ಹೊತ್ತಿಗೇ ತಿರುಗಿದಿರಿ — ನಾನೇ ಅರ್ಧ ಹೆಜ್ಜೆ ಮುಂದೆ ಬಂದು ಬಾರಿಸಿದೆ.

“ಎಂದುಕಣ್ಣಾ?” ಎಂದಿರಿ. ಯಾಕಣ್ಣಾ ಎಂದು. ಅದು ನಾಟಕದ ಮಾತಲ್ಲ, ನಿಮ್ಮ ಮನೆಯ ತೆಲುಗು. ಹೆಂಡತಿ ಗಂಡನನ್ನು ಅಣ್ಣಾ ಅಂದಳು ಎಂದು ಜನ ಬಿದ್ದು ಬಿದ್ದು ನಕ್ಕರು. ಮುಂದೆ ಕೂತಿದ್ದ ಒಬ್ಬ ಮುದುಕಿ ಮಾತ್ರ ಎದ್ದು ನಿಂತಳು. “ಸಾಕು ಬುಡ್ಲಾ. ಅವ್ಳೂ ಒಬ್ರ ಮನೆ ಮಗ್ಳು ಕಣ್ಲಾ.” ಸೊಸೆಯನ್ನು ಎಬ್ಬಿಸಿಕೊಂಡು ಹೊರಟೇ ಹೋದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಎದ್ದರು. “ಮರೆ ಆಗ್ತೀರ, ಕೂತ್ಕಳ್ರಮ್ಮೋ” ಎಂದು ಗಂಡಸರು ಗದರಿದರು. ನಾನು ಎಲ್ಲ ನೋಡುತ್ತಿದ್ದೆ. ನೋಡುತ್ತಲೇ ಮೀಸೆ ತಿರುವಿದೆ — ಥೂ ನನ್ನ ಜನ್ಮಕ್ಕೆ.

ನೀವು ಆಟ ಬಿಟ್ಟು ಹೋಗಲಿಲ್ಲ. ಕೊನೆಯ ಹಾಡಿನಲ್ಲಿ ಶ್ರುತಿ ತಪ್ಪಿತು. ಎಂದೂ ತಪ್ಪದ ನಿಮಗೆ. ಪರದೆಯ ಹಿಂದೆ ಎಡಗಿವಿ ಹಿಡಿದುಕೊಂಡು ಕೂತಿದ್ದಿರಿ. ಹಾರ್ಮೋನಿಯಂ ಮೇಷ್ಟ್ರು ಬಂದು ಏನಾಯಿತು ಎಂದು ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು, “ಟೈಮಿಂಗ್ ತಪ್ಪಿದ್ರು ಮೇಷ್ಟ್ರೇ, ಮುಖ ತಿರುಗ್ಸೋದು ಲೇಟಾಯ್ತು” ಎಂದುಬಿಟ್ಟೆ. ನೀವು ನನ್ನನ್ನೇ ನೋಡಿದಿರಿ. ನನ್ನ ಮಾತನ್ನು ಅಲ್ಲಗಳೆಯದೆ ಮುಖದ ಬಣ್ಣ ಒರೆಸಿಕೊಳ್ಳತೊಡಗಿದಿರಿ. ಮುಂದಿನ ನಾಟಕಕ್ಕೆ ಕರೆಯಬೇಕಾದವನು ನಾನೇ ತಾನೇ.

ಕರೆಯಲಿಲ್ಲ. ನಾನೂ ಕರೆಯಲಿಲ್ಲ, ಶಿರಾದವರೂ ಕರೆಯಲಿಲ್ಲ, ಪಾವಗಡದವರೂ ಕರೆಯಲಿಲ್ಲ. ಕೇಳಿದವರಿಗೆಲ್ಲ, “ಟೈಮಿಂಗ್ ಇಲ್ಲ, ಶ್ರುತಿಯೂ ನಿಲ್ಲಲ್ಲ” ಎಂದವನು ನಾನು. ಶ್ರುತಿ ಹೇಗೆ ನಿಲ್ಲುತ್ತದೆ? ಅದನ್ನು ಕೇಳುವ ಕಿವಿಯನ್ನೇ ನಾನು ಹಾಳು ಮಾಡಿದ್ದೆ. ನಿಮಗೆ ಗೊತ್ತಿದ್ದ ಕೆಲಸ ಅದೊಂದೇ ಎಂಬುದೂ ನನಗೆ ಗೊತ್ತಿತ್ತು.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ, ಇದನ್ನೆಲ್ಲ ಹೇಳಬೇಕೆಂದೇ ಬಂದಿದ್ದೆ. ಹೊಲಿಗೆ ಮಿಷನ್ನಿನ ಮೇಲಿದ್ದ ಬಟ್ಟೆ ಪಕ್ಕಕ್ಕಿಟ್ಟು ಟೀ ಕೊಟ್ಟಿರಿ. ನಾನು ನಿಮ್ಮ ಎಡಗಡೆ ಕೂತೆ. ಬೇಕೆಂದೇ ಕೂತೆನೋ ಏನೋ — ಬೇಕೆಂದೇ ಕೂತೆ. ತಲೆ ತಗ್ಗಿಸಿ, “ತಪ್ಪು ನಿಮ್ದಲ್ಲಮ್ಮ, ನಂದೇ” ಎಂದೆ.

“ಏನಣ್ಣಾ? ಈ ಕಡೆ ಬಂದು ಹೇಳಣ್ಣಾ, ಆ ಕಿವಿ ಕೇಳ್ಸಲ್ಲ” ಎಂದಿರಿ.

ನಾನು ಏಳಲಿಲ್ಲ. “ಏನಿಲ್ಲಮ್ಮ, ಟೀ ಚೆನ್ನಾಗೈತೆ ಅಂದೆ” ಎಂದು ಬಸ್ಸು ಹತ್ತಿ ಬಂದುಬಿಟ್ಟೆ. ಮಿಡಿಗೇಶಿ ದಾಟುವವರೆಗೂ ನನಗೆ ನಾನೇ ಬೈದುಕೊಂಡೆ. ಬೈದುಕೊಂಡರೆ ಯಾರ ಕಿವಿ ತೆರೆಯುತ್ತದೆ?

ವಿಡಿಯೋ ನೋಡಿದ ಕೊರಟಗೆರೆಯವರು ಅದೇ ನಾಟಕ ಮತ್ತೆ ಆಡಿ ಎಂದು ಬಂದಿದ್ದಾರೆ. ಒಪ್ಪಿಕೊಂಡಿದ್ದೇನೆ. ಆ ದೃಶ್ಯ ಬಂದಾಗ ಕೈ ಎತ್ತುವುದಿಲ್ಲ, ಮೈಕಿನ ಮುಂದೆ ನಿಂತು ಇಷ್ಟನ್ನೂ ಹೇಳುತ್ತೇನೆ. ಸುಳ್ಳನ್ನು ಊರಿಗೆಲ್ಲ ಹಂಚಿದವನು ನಿಜವನ್ನು ನಿಮ್ಮೊಬ್ಬರ ಮನೆಯಲ್ಲಿ ಪಿಸುಗುಟ್ಟಿದರೆ ಸಾಲದು. ಉಗಿಯುವವರು ಉಗಿಯಲಿ.

ಅದಕ್ಕೂ ಮೊದಲು ಹೊಸಕೋಟೆಗೆ ಬರುತ್ತೇನೆ. ಟೀ ಬೇಡಮ್ಮ. ಬಲಗಡೆ ಕೂರುತ್ತೇನೆ.