ಎತ್ತಿನ ಕುತ್ತಿಗೆಯೊಳಗಿನ ಬಜೆ

ಕೊಲ್ಹಾರದ ನಮ್ಮ ಹಿತ್ತಲಿನ ಎರೆಮಣ್ಣು ಮಹಾ ಹಟಮಾರಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ನಾನು ಹಚ್ಚಿದ ಗುಲಾಬಿ, ಮಲ್ಲಿಗೆಗಳೆಲ್ಲ ಬೇರು ಕೊಳೆತು ಸತ್ತವು. ಬಚ್ಚಲ ನೀರು ನಿಲ್ಲುವ ಆ ಕೆಸರಿನಲ್ಲಿ ಹಾಯಾಗಿ ಹಬ್ಬಿದ್ದು ಅವ್ವನ ಬಜೆಯೊಂದೇ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಕೊಲ್ಹಾರ ಮುಳುಗುವ ಮೊದಲು ಅಲ್ಲಿನ ತನ್ನ ತವರಿನ ಹಿತ್ತಲಿನಿಂದ ಅವಳು ಕಿತ್ತು ತಂದ ಬೇರು ಅದು. ಅದನ್ನು ಒಣಗಿಸಿ, ಮಣಿ ಮಾಡಿ, ಮನೆಯಲ್ಲಿ ಹುಟ್ಟಿದ ಕೂಸುಗಳ ಕೈಗೆಲ್ಲ ಕಟ್ಟಿದ್ದಾಳೆ.

ಈ ಬೇಸಿಗೆಗೆ ಬಜೆಯ ಎಲೆ ಒಣಗಿ ನೆಲ ಬೋಳಾಗಿತ್ತು, ಬೇರಷ್ಟೇ ಒಳಗಿತ್ತು. ತಂಗಿಯ ಹೆರಿಗೆಗೆಂದು ಸಿಂದಗಿಗೆ ಹೋಗಿದ್ದ ಅವ್ವ ಫೋನ್ ಮಾಡಿದಳು. "ನಾಳೆ ಕೂಸು ಕರಕೊಂಡು ಬರ್ತೇವಿ. ಮಣಿಗೆ ಬೇರು ನಾನ ಕೀಳ್ತೇನಿ, ನೀ ಮುಟ್ಟಬ್ಯಾಡ."

ಅಂದು ಮಣ್ಣೆತ್ತಿನ ಅಮಾವಾಸ್ಯೆ, ಮನೆಮನೆಯಲ್ಲೂ ಮಣ್ಣಿನ ಎತ್ತು ಪೂಜಿಸುವ ದಿನ. ಕೆಲಸದಿಂದ ಬಂದು ಹಿತ್ತಲಿಗೆ ಹೋದರೆ ಬಜೆ ಇದ್ದಲ್ಲಿ ತಗ್ಗು. ಓಣಿಗೆಲ್ಲ ಪ್ರತಿವರ್ಷ ಎತ್ತು ಮಾಡಿ ಕೊಡುವವಳು ಪಕ್ಕದ ಮನೆಯ ಕಾಕು. ನೆಟ್ಟಗೆ ಅವಳ ಬಳಿ ಹೋದೆ.

"ನಮ್ಮ ಹಿತ್ತಲ ಮಣ್ಣು ನೀವು ಒಯ್ದೀರೇನ್ರಿ ಕಾಕು?"

"ಹೌದವ್ವಾ. ಮಳಿ ಆಗಿ ಬೆಣ್ಣಿ ಆಗಿತ್ತು. ಓಣಿಗೆಲ್ಲ ಎತ್ತು ಮಾಡಿ ಕೊಟ್ಟೇನಿ."

"ಅದರಾಗಿನ ಬೇರು?"

"ಕರಿಕಿ ಹುಲ್ಲಿನ ಬೇರು ಅಂತ ಕಸದ ಗಾಡಿಗೆ ಹಾಕಿದ್ನಿ."

ಎತ್ತಿನ ಮಣ್ಣಿಗೆ ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದಕ್ಕೇ ಬೈಯಲೂ ಬರದೆ ನನಗೆ ಇನ್ನಷ್ಟು ಸಿಟ್ಟು ಬಂತು. ಸಂಗತಿ ತಿಳಿದು ಕಾಕುವಿನ ಮುಖ ಸಣ್ಣದಾಯಿತು. "ಒಂದು ತುಂಡು ಐತಿ ನೋಡು. ನಮ್ಮನಿ ದೊಡ್ಡೆತ್ತಿನ ಕುತ್ತಿಗಿ ನಿಲ್ಲವಲ್ದಾಗಿತ್ತು, ಒಳಗ ತುರುಕೇನಿ."

ಆದರೆ ಎತ್ತಿಗೆ ಆಗಲೇ ಪೂಜೆಯಾಗಿತ್ತು. ಪೂಜೆಯಾದ ಬಸವಣ್ಣನ ಕುತ್ತಿಗೆ ಮುರಿಯುವವರು ಯಾರು? ಅವಳಿಗೂ ಧೈರ್ಯವಿಲ್ಲ, ನನಗೂ ಇಲ್ಲ. ಮೂಗು ಹತ್ತಿರ ಒಯ್ದೆ. ಹಸಿಮಣ್ಣಿನೊಳಗಿಂದ ಬಜೆಯ ಖಾರ ವಾಸನೆ ಬರುತ್ತಿತ್ತು. ಮಣ್ಣು ಒಣಗಿದಂತೆ ಒಳಗಿನ ಬೇರೂ ಸಾಯುತ್ತದಲ್ಲ ಎಂದು ನನಗೆ ಊಟ ಸೇರಲಿಲ್ಲ.

ಮರುದಿನ ಅವ್ವ ಬಂದವಳೇ ತಗ್ಗು ನೋಡಿದಳು. ಎಲ್ಲ ಹೇಳಿದೆ. "ನನ್ನ ತವರಮನಿ ಎರಡನೇ ಸಲ ಮುಳುಗಿಸಿದ್ರಿ" ಎಂದಷ್ಟೇ ಅಂದು, ಕಾಕುವಿನ ಮನೆಗೆ ಹೋಗಿ ಎತ್ತನ್ನು ಎತ್ತಿಕೊಂಡು ಬಂದಳು. ಕಾಕು ಅಳುತ್ತ ಹಿಂದೆಯೇ ಬಂದಳು.

"ಒಡೀಬ್ಯಾಡ್ರಿ ಅಕ್ಕಾರ."

"ಒಡಿಯಂಗಿಲ್ಲ. ನಾಳೆ ನೀರಿಗೆ ಬಿಡಾವ್ರ ಇದ್ರಲ್ಲ? ಇವತ್ತ ಇಲ್ಲೇ ಬಿಡ್ತೇನಿ."

ಕೆಸರು ತುಂಬಿದ ತಗ್ಗಿನಲ್ಲಿ ಎತ್ತನ್ನು ಕೂರಿಸಿ ಅವ್ವ ನೀರು ಸುರಿದಳು. ಕೋಡು ಕರಗಿದವು, ಆಮೇಲೆ ಬೆನ್ನು, ಕಾಲು. ದಿನಾ ಬೆಳಗ್ಗೆ ಮೊದಲು ಅಲ್ಲಿಗೇ ಹೋಗುತ್ತಿದ್ದೆವು, ಕಾಕುವೂ ಬರುತ್ತಿದ್ದಳು. ಅವ್ವ ಅವಳೊಡನೆ ಮಾತಾಡುತ್ತಿರಲಿಲ್ಲ.

ಒಂದು ಬೆಳಗ್ಗೆ, ಕುತ್ತಿಗೆ ಇದ್ದಲ್ಲಿ ಹಸಿರು ಮೊಳಕೆ ಕಂಡಿತು. ಮೊದಲು ನೋಡಿದ್ದು ಕಾಕು. ಅವ್ವ ಬಗ್ಗಿ ಮೊಳಕೆಯ ತುದಿಯನ್ನು ಮೆಲ್ಲಗೆ ಸವರಿ ಬೆರಳು ಮೂಸಿದಳು. ಒಳಗಿಂದ ಕೂಸನ್ನು ತಂದು ಕಾಕುವಿನ ಮಡಿಲಿಗೆ ಹಾಕಿ, ಅದರ ಮೂಗಿನ ಹತ್ತಿರ ಬೆರಳು ಹಿಡಿದಳು.

"ಮಣಿ ಬರೂ ವರ್ಷ ಕಟ್ಟೋಣು. ಈಗ ನಮ್ಮವ್ವನ ಹಿತ್ತಲ ವಾಸನಿ ನೋಡು."