ಗಂಗವ್ವನ ಇಟ್ಟಿಗೆ

ಈಚೆಗೆ ನನಗೆ ಒಂದು ಇಟ್ಟಿಗೆಯ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು. ಇಟ್ಟಿಗೆಯ ಮೇಲೂ ಯಾರಾದರೂ ಸಿಟ್ಟಾಗುತ್ತಾರಾ ಅನ್ನಬೇಡಿ. ನನ್ನ ಜಾಗದಲ್ಲಿ ನೀವಿದ್ದರೆ ಎತ್ತಿ ಬಿಸಾಡುತ್ತಿದ್ದಿರಿ.

ವಿಷಯ ಇಷ್ಟು. ನಾವೊಂದಿಷ್ಟು ಜನ ಸೇರಿ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳ ಹಾಡು ರೆಕಾರ್ಡ್ ಮಾಡಿ ಹಳಿಯಾಳದ ಒಂದು ಕೋಣೆಯಲ್ಲಿಟ್ಟಿದ್ದೇವೆ. ಸಾಂಬ್ರಾಣಿ ಅನ್ನುವ ಹಳ್ಳಿಯಲ್ಲಿದ್ದ ನನ್ನ ಅವ್ವ ಹಾಡಿದ ಬೀಸುಕಲ್ಲಿನ ಪದಗಳೂ ಅಲ್ಲಿನ ಕಂಪ್ಯೂಟರಿನಲ್ಲಿವೆ. ಅವ್ವ ಈಗಿಲ್ಲ. ಇರುವುದು ಅದೊಂದೇ ದನಿ. (ಇನ್ನೊಂದು ಕಾಪಿ ಮಾಡಿಸಬೇಕು ಅಂತ ಅಂದುಕೊಳ್ಳುತ್ತಲೇ ಇದ್ದೆ. ನಗಬೇಡಿ, ನಿಮ್ಮ ಮನೆಯ ಫೋಟೋಗಳು ಎಲ್ಲಿವೆ?)

ಬೆಂಕಿ ಬಿದ್ದರೆ ಏನು ಗತಿ ಅಂತ ಕೋಣೆಗೆ ಗ್ಯಾಸ್ ಸಿಲಿಂಡರ್ ಕೂರಿಸಿದೆವು. ಅಡುಗೆಯ ಗ್ಯಾಸಲ್ಲ, ಇದು ಉರಿಯದ ಗ್ಯಾಸ್. ನೀರು ಹೊಡೆದರೆ ಬೆಂಕಿಯ ಜೊತೆ ಕಂಪ್ಯೂಟರೂ ಹೋಗುತ್ತದೆ. ಈ ಗ್ಯಾಸ್ ಕೋಣೆ ತುಂಬಿ, ಆಮ್ಲಜನಕ ಕಡಿಮೆ ಮಾಡಿ ಬೆಂಕಿಯ ಉಸಿರು ಕಟ್ಟಿಸುತ್ತದೆ. ದಾಂಡೇಲಿಯ ಅಂಬೇವಾಡಿಯಿಂದ ಬಂದ ಎಂಜಿನಿಯರ್ ಹೇಳಿದ್ದು ಎರಡೇ ಮಾತು. ಸೈರನ್ ಕೂಗಿದ ಅರ್ಧ ನಿಮಿಷದೊಳಗೆ ಎಲ್ಲರೂ ಹೊರಗಿರಬೇಕು, ಬಾಗಿಲು ಮುಚ್ಚಿರಬೇಕು. ತೆರೆದಿದ್ದರೆ ಗ್ಯಾಸೆಲ್ಲ ಬೀದಿ ಪಾಲು.

ಬಾಗಿಲು ಮುಚ್ಚುವುದಾ? ಕೋಣೆ ನೋಡಿಕೊಳ್ಳುವ ಗಂಗವ್ವ ಸುತಾರಾಂ ಒಪ್ಪಲಿಲ್ಲ. ಹಗಲು ಹೊತ್ತು ಬಾಗಿಲು ಹಾಕಿದ ಮನೆಗೆ ಲಕ್ಷ್ಮಿಯೂ ಬರುವುದಿಲ್ಲ, ಮಂದಿಯೂ ಬರುವುದಿಲ್ಲ ಅನ್ನುವುದು ಆಕೆಯ ವಾದ. ತಾನಾಗಿ ಮುಚ್ಚಿಕೊಳ್ಳುವ ಆ ಬಾಗಿಲಿಗೆ ದಿನಾ ಒಂದು ಇಟ್ಟಿಗೆ ಅಡ್ಡ ಇಡುವಳು. ನಾನು ತೆಗೆಯುವುದು, ಆಕೆ ಇಡುವುದು. ಒಂದು ದಿನ ಗದರಿಯೇ ಬಿಟ್ಟೆ.

"ಹಾಡಿದಾಕಿ ದೂರದಿಂದ ಬಂದು, ಮುಚ್ಚಿದ ಬಾಗಲಾ ನೋಡಿ ಹೊಳ್ಳಿ ಹೋದ್ರ ಹೆಂಗ್ರೀ ಅಕ್ಕಾರ?" ಅಂದಳು.

ನಾನು ಇಟ್ಟಿಗೆ ಎತ್ತಿ ಅಂಗಳಕ್ಕೆ ಹಾಕಿದೆ. ಮರುದಿನ ಅದು ಮತ್ತೆ ಬಾಗಿಲಲ್ಲಿತ್ತು.

ಕಳೆದ ಬುಧವಾರ ಮಧ್ಯಾಹ್ನ ಸಾಂಬ್ರಾಣಿಯ ನಾಲ್ಕು ಹೆಂಗಸರು ತಮ್ಮ ಹಾಡು ಕೇಳಲು ಬಂದಿದ್ದರು. ಚಹಾ ಕುಡಿಯುತ್ತಿರುವಾಗಲೇ ಗೋಡೆಯ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು, ಬೆನ್ನಿಗೇ ಉರಿ. ಸೈರನ್ ಕೂಗಿತು. ಎಲ್ಲರನ್ನೂ ಹೊರಗೆ ಕಳಿಸಿ ನಾನೂ ಬಂದು ತಿರುಗಿ ನೋಡಿದರೆ ಬಾಗಿಲು ಹಾರುಹೊಡೆದಿದೆ. ಅದೇ ಇಟ್ಟಿಗೆ. ಅವ್ವ ಎರಡನೇ ಸಲ ಹೋದಳು ಅನ್ನಿಸಿ ನಿಂತಲ್ಲೇ ಅಳು ಬಂತು. ಕೈಕಾಲು ಆಡಲಿಲ್ಲ.

ಆಡಿದ್ದು ಗಂಗವ್ವನ ಕಾಲು. ಹೊಸ್ತಿಲ ಹೊರಗಿನಿಂದಲೇ ಇಟ್ಟಿಗೆಯನ್ನು ಒದ್ದಳು. ಬಾಗಿಲು ಮುಚ್ಚಿತು. ಒಳಗೆ ಗ್ಯಾಸ್ ಭುಸ್ ಅಂತ ಹೊರಟ ಸದ್ದು ರಸ್ತೆಗೆ ಕೇಳಿಸಿತು.

ಎಂಜಿನಿಯರ್ ಬಂದು, ಗಾಳಿಯಾಡಿಸಿ, ಸರಿ ಅಂದ ಮೇಲೇ ಒಳಗೆ ಹೋದೆವು. ಬೋರ್ಡು ಕರಕಲಾಗಿತ್ತು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಬೇರೆ ಕೋಣೆಯಿಂದ ಕರೆಂಟ್ ಎಳೆದು ಹಚ್ಚಿದಾಗ ಮೊದಲು ಬಂದದ್ದೇ ಅವ್ವನ ದನಿ. ಆ ನಾಲ್ವರೂ ಜೊತೆಗೂಡಿ ಹಾಡಿದರು. ಹೆಬ್ಬೆರಳು ಊದಿಸಿಕೊಂಡ ಗಂಗವ್ವ ಮೂಲೆಯಲ್ಲಿ ಕೂತು ತಾಳ ಹಾಕಿದಳು. ನನಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

(ಕಾಪಿ? ಮರುದಿನವೇ ಮಾಡಿಸಿದೆ. ಎರಡು.)

ಈಗ ಇಟ್ಟಿಗೆ ಅಂಗಳದ ತುಳಸಿಕಟ್ಟೆ ಸೇರಿದೆ. ಬಾಗಿಲು ಹಗಲೆಲ್ಲ ಮುಚ್ಚಿರುತ್ತದೆ. ಅದರ ಮೇಲೆ ಗಂಗವ್ವ ಹೇಳಿ ಬರೆಸಿದ ದೊಡ್ಡ ಅಕ್ಷರಗಳಿವೆ: "ಬಾಗಲಾ ಹಾಕೈತಿ. ದೂಡಿ ಒಳಗ ಬರ್ರಿ."

ನಮ್ಮ ನಿಮ್ಮ ಮನೆಯ ತೆರೆದ ಬಾಗಿಲುಗಳು ಇಷ್ಟು ಬಾಯಿತುಂಬ ಕರೆಯುತ್ತವಾ?